ಹೊಸ ಔಷಧಿ ಅಣುವಿನ ಅಪಾಯವನ್ನು ಮೊದಲೇ ಪತ್ತೆ ಹಚ್ಚುವುದು ಹೇಗೆ? ಹಂತ ಹಂತವಾದ ಸಮಗ್ರ ಮಾರ್ಗದರ್ಶಿ

ಹೊಸ ಔಷಧಿ ಅಣುವೊಂದು ಗುರಿಯಲ್ಲದ ಯಾವ ಯಾವ ಪ್ರೋಟೀನುಗಳಿಗೆ ಅಂಟುತ್ತದೆ ಎಂಬ ಸುರಕ್ಷತಾ ಪರೀಕ್ಷೆಯ ವರದಿ ಕೈಗೆ ಬಂದಿದೆ. 44 ಸಾಲುಗಳ ಕೋಷ್ಟಕ, ಅದರಲ್ಲಿ ಆರು ಸಾಲು ಕೆಂಪು. "ಈ ಅಣುವನ್ನು ಬಿಟ್ಟುಬಿಡಬೇಕಾ, ಮುಂದುವರಿಸಬೇಕಾ?" ಈ ಪ್ರಶ್ನೆ ನನಗೆ ಮೇಲಿಂದ ಮೇಲೆ ಬರುತ್ತದೆ. ಕೇಳುವವರು ಜಾಣರೇ. ಒಳ್ಳೆಯ ಲ್ಯಾಬಿನಲ್ಲೇ ಪರೀಕ್ಷೆ ಮಾಡಿಸಿರುತ್ತಾರೆ. ಆದರೂ ಉತ್ತರ ಹೇಳಲು ಆಗುವುದಿಲ್ಲ, ಯಾಕೆಂದರೆ ಎರಡು ಅಂಕಿಗಳು ಅವರ ಬಳಿ ಇರುವುದಿಲ್ಲ. ಪರೀಕ್ಷೆಯಲ್ಲಿ ಔಷಧಿ ನಿಜಕ್ಕೂ ಎಷ್ಟು ಕರಗಿತ್ತು ಎಂಬುದು ಒಂದು. ರೋಗಿಯ ರಕ್ತದಲ್ಲಿ ಅದು ಫ್ರೀ ಆಗಿ ಎಷ್ಟು ಓಡಾಡಲಿದೆ ಎಂಬುದು ಇನ್ನೊಂದು.

ಈ ಬರಹ ಸಣ್ಣ ಅಣುಗಳ ಔಷಧಿಗಳಿಗೆ ಮಾತ್ರ. ಲಸಿಕೆ, ಆಂಟಿಬಾಡಿಗಳ ದಾರಿಯೇ ಬೇರೆ. ಪ್ರಾಣಿಗಳ ಮೇಲಿನ ಅಧ್ಯಯನಕ್ಕೆ ಮುಂಚೆ, ಜೀವಕೋಶ ಮತ್ತು ಪ್ರೋಟೀನುಗಳ ಮೇಲೆ ಮಾಡುವ ಪರೀಕ್ಷೆಗಳನ್ನು ಯಾವ ಕ್ರಮದಲ್ಲಿ ಮಾಡಬೇಕು, ಎಲ್ಲಿ ಎಡವುತ್ತೇವೆ ಎಂದು ಹೇಳುತ್ತೇನೆ. ಒಂದು ಕಾಲ್ಪನಿಕ ಅಣುವನ್ನು ಮೊದಲಿನಿಂದ ಕೊನೆಯವರೆಗೂ ಜೊತೆಗೆ ಕರೆದೊಯ್ಯೋಣ. ಅದನ್ನು "ನಮ್ಮ ಅಣು" ಎಂದು ಕರೆಯುತ್ತೇನೆ.

## ಶುರು ಮಾಡುವ ಮುನ್ನ ಕೈಯಲ್ಲಿ ಏನಿರಬೇಕು?

ಒಂದೇ ಬ್ಯಾಚಿನಲ್ಲಿ ತಯಾರಾದ ಪುಡಿ. ಇದು ಬಹಳ ಮುಖ್ಯ. ಒಂದು ಪರೀಕ್ಷೆಗೆ ಒಂದು ಬ್ಯಾಚು, ಇನ್ನೊಂದಕ್ಕೆ ಇನ್ನೊಂದು ಬ್ಯಾಚು ಕಳಿಸಿದರೆ ಫಲಿತಾಂಶಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಲು ಆಗುವುದಿಲ್ಲ.

ಒಂದು ಮಿಶ್ರಣದಲ್ಲಿ ಏನೇನು ಎಷ್ಟೆಷ್ಟಿದೆ ಎಂದು ಬೇರ್ಪಡಿಸಿ ಅಳೆಯುವ ಎಲ್‌ಸಿ-ಎಂಎಸ್ ಯಂತ್ರ ಬಳಸುವ ಅವಕಾಶ ಬೇಕು. ಸ್ವಂತದ್ದೇ ಆಗಬೇಕಿಲ್ಲ. ಉಳಿದ ಪರೀಕ್ಷೆಗಳನ್ನು ಹೊರಗಿನ ಲ್ಯಾಬಿಗೆ ಕೊಡಬಹುದು. ಬೆಂಗಳೂರಿನ ಸುತ್ತಮುತ್ತ ಇಂಥ ಗುತ್ತಿಗೆ ಲ್ಯಾಬುಗಳು ಸಾಕಷ್ಟಿವೆ. ಆದರೆ ಪ್ರತಿ ಲ್ಯಾಬಿಗೂ ಮೊದಲೇ ಒಂದು ಮಾತು ಕೇಳಿ: "ಪರೀಕ್ಷೆಯ ದ್ರಾವಣದಲ್ಲಿ ಔಷಧಿ ಎಷ್ಟಿತ್ತು ಎಂದು ಅಳೆದು ಕೊಡುತ್ತೀರಾ?" ಉತ್ತರ ಇಲ್ಲ ಎಂದಾದರೆ, ಸ್ಯಾಂಪಲ್ ತೆಗೆದಿಟ್ಟು ನಿಮಗೆ ಕಳಿಸಲು ಹೇಳಿ.

ಈ ಹಂತದಲ್ಲಿ ಜಿಎಲ್‌ಪಿ (ಗುಡ್ ಲ್ಯಾಬೊರೇಟರಿ ಪ್ರ್ಯಾಕ್ಟೀಸ್) ಎಂಬ ಗುಣಮಟ್ಟದ ನಿಯಮದ ಪ್ರಕಾರ ಪರೀಕ್ಷೆ ಮಾಡಿಸಬೇಕಿಲ್ಲ. ಮನುಷ್ಯರಿಗೆ ಕೊಡುವ ಮುಂಚಿನ ಮುಖ್ಯ ಸುರಕ್ಷತಾ ಅಧ್ಯಯನಗಳಿಗೆ ಅದು ಬೇಕು. ಈಗಲೇ ಅದಕ್ಕೆ ದುಡ್ಡು ಸುರಿಯಬೇಡಿ.

## ಹಂತ 1: ರಕ್ತದಲ್ಲಿ ಎಷ್ಟಿರುತ್ತದೆ ಎಂದು ಅಂದಾಜು ಮಾಡಿ

ಹೆಚ್ಚಿನವರು ಇದನ್ನು ಕೊನೆಗೆ ಮಾಡುತ್ತಾರೆ. ಎಷ್ಟೋ ಜನ ಮಾಡುವುದೇ ಇಲ್ಲ. ದಯವಿಟ್ಟು ಮೊದಲು ಮಾಡಿ.

ಔಷಧಿ ಕೊಟ್ಟ ಮೇಲೆ ರಕ್ತದಲ್ಲಿ ಅದು ಮುಟ್ಟುವ ಗರಿಷ್ಠ ಮಟ್ಟಕ್ಕೆ ಸಿ-ಮ್ಯಾಕ್ಸ್ ಎನ್ನುತ್ತಾರೆ. ಆದರೆ ರಕ್ತದಲ್ಲಿರುವ ಔಷಧಿಯೆಲ್ಲ ಕೆಲಸ ಮಾಡುವುದಿಲ್ಲ. ಬಹುಪಾಲು ಆಲ್ಬುಮಿನ್‌ನಂಥ ಪ್ರೋಟೀನುಗಳಿಗೆ ಅಂಟಿಕೊಂಡಿರುತ್ತದೆ. ಅಂಟದೆ ಉಳಿದ ಫ್ರೀ ಭಾಗವೇ ಹೃದಯಕ್ಕೂ ಲಿವರ್‌ಗೂ ತಟ್ಟುವುದು. ಈ ಭಾಗವನ್ನು ಡಯಾಲಿಸಿಸ್ ಪರೀಕ್ಷೆಯಿಂದ ಅಳೆಯುತ್ತಾರೆ. ಮಧ್ಯೆ ಒಂದು ಪೊರೆ, ಒಂದು ಕಡೆ ಪ್ಲಾಸ್ಮಾ, ಇನ್ನೊಂದು ಕಡೆ ಬಫರ್. ಎರಡೂ ಕಡೆ ಫ್ರೀ ಔಷಧಿ ಸಮ ಆದ ಮೇಲೆ ಅಳೆಯುವುದು.

ನಮ್ಮ ಅಣುವಿನ ಅಂದಾಜು ಸಿ-ಮ್ಯಾಕ್ಸ್ 2 ಮೈಕ್ರೋಮೋಲಾರ್ (ದ್ರವದಲ್ಲಿ ಔಷಧಿ ಎಷ್ಟು ದಟ್ಟವಾಗಿದೆ ಎಂಬುದರ ಅಳತೆ) ಎಂದುಕೊಳ್ಳಿ. ಶೇ. 95 ಅಂಟಿಕೊಂಡಿದೆ. ಹಾಗಾದರೆ ಫ್ರೀ ಇರುವುದು 0.1 ಮೈಕ್ರೋಮೋಲಾರ್. ಈ 0.1 ಅನ್ನು ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿಕೊಳ್ಳಿ. ಮುಂದಿನ ಪ್ರತಿ ಫಲಿತಾಂಶವನ್ನೂ ಇದರ ಜೊತೆಗೇ ಹೋಲಿಸಬೇಕು.

ಎಚ್ಚರಿಕೆ: ಶೇ. 99ಕ್ಕಿಂತ ಜಾಸ್ತಿ ಅಂಟಿಕೊಳ್ಳುವ ಅಣುವಿದ್ದರೆ ಅಳತೆಯನ್ನು ಎರಡು ಸಲ ಮಾಡಿಸಿ. ಶೇ. 99 ಮತ್ತು 99.5ರ ನಡುವೆ ನೋಡಲು ಅರ್ಧ ಅಂಕಿಯ ವ್ಯತ್ಯಾಸ. ಫ್ರೀ ಔಷಧಿಯ ಲೆಕ್ಕದಲ್ಲಿ ಅದು ಎರಡು ಪಟ್ಟು.

## ಹಂತ 2: ಪುಡಿಯನ್ನೇ ಮೊದಲು ಪರೀಕ್ಷೆ ಮಾಡಿ

ಎಲ್‌ಸಿ-ಎಂಎಸ್‌ನಲ್ಲಿ ಶುದ್ಧತೆ ನೋಡಿ. ಶೇ. 95 ನನ್ನ ಕನಿಷ್ಠ ಮಿತಿ. ಡಿಎನ್‌ಎ ಹಾನಿ ನೋಡುವ ಏಮ್ಸ್ ಪರೀಕ್ಷೆಗೆ (ಹಂತ 6) ಹೋಗುವ ಪುಡಿ ಇನ್ನೂ ಶುದ್ಧ ಇರಬೇಕು. ಉಳಿದ ಶೇ. 5 ಏನು ಎಂದು ಗುರುತಿಸಿ ಬರೆದಿಡಿ.

ಪುಡಿ ಉಪ್ಪಿನ ರೂಪದಲ್ಲಿದೆಯಾ ನೋಡಿ. ಹೈಡ್ರೋಕ್ಲೋರೈಡ್ ಉಪ್ಪಿನ ತೂಕವನ್ನು ಬರೀ ಅಣುವಿನ ತೂಕ ಎಂದುಕೊಂಡು ಸ್ಟಾಕ್ (ಮೂಲ ದ್ರಾವಣ) ಮಾಡಿದರೆ, ಎಲ್ಲ ಪರೀಕ್ಷೆಯಲ್ಲೂ ಒಂದೇ ತಪ್ಪು ಸಾಗುತ್ತದೆ.

ಆಮೇಲೆ ಡಿಎಂಎಸ್ಒ ಎಂಬ ದ್ರಾವಕದಲ್ಲಿ 10 ಮಿಲಿಮೋಲಾರ್ ಸ್ಟಾಕ್ ಮಾಡಿ, ಸಣ್ಣ ಸಣ್ಣ ಟ್ಯೂಬುಗಳಿಗೆ ಹಂಚಿ ಫ್ರೀಜರಿನಲ್ಲಿಡಿ. ಡಿಎಂಎಸ್ಒ ಗಾಳಿಯ ತೇವ ಹೀರಿಕೊಳ್ಳುತ್ತದೆ. ಒಂದೇ ಟ್ಯೂಬನ್ನು ಹತ್ತು ಸಲ ಕರಗಿಸಿ ಮತ್ತೆ ಗಟ್ಟಿ ಮಾಡಿದರೆ ಅಣು ಕೆಳಗೆ ಕೂತುಬಿಡಬಹುದು.

ಈಗ ಕರಗುವಿಕೆ. ಪರೀಕ್ಷೆಯಲ್ಲಿ ಬಳಸುವ ಅದೇ ಬಫರಿನಲ್ಲಿ, ಅದೇ ಉಷ್ಣಾಂಶದಲ್ಲಿ ನೋಡಬೇಕು. ನೀರಿನಲ್ಲಿ ಕರಗಿದ ಅಂಕಿ ಇಲ್ಲಿ ನಡೆಯುವುದಿಲ್ಲ. ಕಣ್ಣಿಗೆ ತಿಳಿಯಾಗಿ ಕಂಡರೂ ಒಳಗೆ ಅಣುಗಳು ಗುಂಪುಗಟ್ಟಿರಬಹುದು. ಈ ಗುಂಪುಗಳು ಪ್ರೋಟೀನುಗಳನ್ನು ಹಿಡಿದು ಸುಳ್ಳು ಫಲಿತಾಂಶ ಕೊಡುತ್ತವೆ. ಎಂಜೈಮ್ ಪರೀಕ್ಷೆಯಾದರೆ ಶೇ. 0.01ರಷ್ಟು ಟ್ರೈಟನ್ ಎಕ್ಸ್-100 ಎಂಬ ಸೋಪಿನಂಥ ವಸ್ತು ಸೇರಿಸಿ ಮತ್ತೆ ಮಾಡಿ. ಮೊದಲು ಕಂಡಿದ್ದ ಪರಿಣಾಮ ಮಾಯವಾದರೆ, ಅದು ಗುಂಪುಗಟ್ಟಿದ್ದರಿಂದ ಬಂದದ್ದು.

## ಹಂತ 3: ಅಣುವಿನ ಚಿತ್ರ ನೋಡಿ ಕ್ರಮ ನಿರ್ಧರಿಸಿ

ಎಲ್ಲ ಅಣುವಿಗೂ ಒಂದೇ ಕ್ರಮ ಬೇಡ. ನೈಟ್ರೋ ಗುಂಪು ಅಥವಾ ಅನಿಲೀನ್ ತುಣುಕು ಇದ್ದರೆ ಏಮ್ಸ್ ಪರೀಕ್ಷೆಯನ್ನು ಮುಂದಕ್ಕೆ ತನ್ನಿ. ಕ್ಷಾರೀಯ ಅಮೀನ್ ಇದ್ದು, ಅಣು ಎಣ್ಣೆಯಲ್ಲಿ ಚೆನ್ನಾಗಿ ಕರಗುವಂಥದ್ದಾದರೆ ಹೃದಯದ ಹರ್ಗ್ ಪರೀಕ್ಷೆ (ಹಂತ 5) ಮೊದಲು. ನಮ್ಮ ಅಣು ಈ ಎರಡನೇ ಜಾತಿಯದು. ಕಂಪ್ಯೂಟರ್ ಊಹೆಗಳನ್ನು ಕ್ರಮ ಹಾಕಲು ಮಾತ್ರ ಬಳಸಿ. ಅಣುವನ್ನು ಕೈಬಿಡಲು ಅದೊಂದೇ ಕಾರಣ ಆಗಬಾರದು.

## ಹಂತ 4: ಗುರಿ ತಪ್ಪಿ ಎಲ್ಲೆಲ್ಲಿ ಅಂಟುತ್ತದೆ ಎಂದು ನೋಡಿ

2012ರಲ್ಲಿ ನಾಲ್ಕು ದೊಡ್ಡ ಔಷಧಿ ಕಂಪನಿಗಳ ವಿಜ್ಞಾನಿಗಳು ಸೇರಿ, ಪ್ರತಿ ಹೊಸ ಅಣುವನ್ನೂ ಕನಿಷ್ಠ ಯಾವ 44 ಪ್ರೋಟೀನುಗಳ ಮೇಲೆ ನೋಡಬೇಕು ಎಂಬ ಪಟ್ಟಿ ಪ್ರಕಟಿಸಿದರು. ಇಂದು ಲ್ಯಾಬುಗಳು ಮಾರುವ "ಸುರಕ್ಷತಾ ಪ್ಯಾನೆಲ್"ಗಳು ಹೆಚ್ಚು ಕಡಿಮೆ ಇದರ ಮೇಲೇ ನಿಂತಿವೆ. ಅಡ್ರಿನಾಲಿನ್, ಡೋಪಮಿನ್, ಹಿಸ್ಟಮಿನ್, ಸೆರೊಟೊನಿನ್ ರಿಸೆಪ್ಟರುಗಳು (ಸಂಕೇತ ಹಿಡಿಯುವ ಪ್ರೋಟೀನುಗಳು), ಅಯಾನ್ ಚಾನೆಲುಗಳು (ಪೊಟ್ಯಾಸಿಯಂನಂಥವು ಜೀವಕೋಶದ ಒಳಗೆ ಹೊರಗೆ ಹೋಗುವ ಬಾಗಿಲುಗಳು), ಕೆಲವು ಎಂಜೈಮುಗಳು ಅದರಲ್ಲಿವೆ.

ಮೊದಲ ಸುತ್ತಿನಲ್ಲಿ 10 ಮೈಕ್ರೋಮೋಲಾರ್‌ನಲ್ಲಿ ಒಂದೇ ಅಳತೆ ಸಾಕು. ಶೇ. 50ಕ್ಕಿಂತ ಜಾಸ್ತಿ ತಡೆ ಕಂಡ ಸಾಲುಗಳನ್ನು ಮಾತ್ರ ಆರಿಸಿ. ಈ ಶೇಕಡಾ ಅಂಕಿ ನೋಡಿ ತೀರ್ಪು ಕೊಡಬೇಡಿ. ಅದು ಮುಂದಿನ ಪರೀಕ್ಷೆಗೆ ಕರೆ ಅಷ್ಟೇ. ಆರಿಸಿದ ಸಾಲುಗಳಿಗೆ ಎಂಟು ಹತ್ತು ಪ್ರಮಾಣಗಳಲ್ಲಿ ಗ್ರಾಫ್ ಹಾಕಿಸಿ, ಅರ್ಧ ತಡೆ ಉಂಟುಮಾಡುವ ಪ್ರಮಾಣವನ್ನು, ಅಂದರೆ ಐಸಿ50 ಅನ್ನು, ಪಡೆಯಿರಿ. ಗ್ರಾಫ್ ಗೋಡೆಯಂತೆ ಕಡಿದಾಗಿ ಎದ್ದರೆ ಅನುಮಾನ ಪಡಿ. ಅಣು ಗುಂಪುಗಟ್ಟಿರಬಹುದು, ಇಲ್ಲವೇ ಜೀವಕೋಶಗಳೇ ಸಾಯುತ್ತಿರಬಹುದು.

ಇನ್ನೊಂದು ತಪ್ಪು ನಾನು ಪ್ರತಿ ತಿಂಗಳೂ ನೋಡುತ್ತೇನೆ. ಪ್ಯಾನೆಲಿನ ಬಹುಪಾಲು ಪರೀಕ್ಷೆಗಳು ಅಣು ಅಂಟಿತೋ ಇಲ್ಲವೋ ಎಂದಷ್ಟೇ ಹೇಳುತ್ತವೆ. ಅಂಟಿದ ಮೇಲೆ ರಿಸೆಪ್ಟರನ್ನು ಚಾಲೂ ಮಾಡಿತಾ, ಬಂದ್ ಮಾಡಿತಾ ಎಂಬುದು ಅದರಲ್ಲಿ ಗೊತ್ತಾಗುವುದಿಲ್ಲ. ಸೆರೊಟೊನಿನ್‌ನ 5-ಎಚ್‌ಟಿ2ಬಿ ರಿಸೆಪ್ಟರನ್ನೇ ತೆಗೆದುಕೊಳ್ಳಿ. ಅದನ್ನು ಚಾಲೂ ಮಾಡುವ ಔಷಧಿಗಳು ಹೃದಯದ ಕವಾಟಗಳನ್ನು ದಪ್ಪಗಾಗಿಸುತ್ತವೆ. ಬಂದ್ ಮಾಡುವವುಗಳಿಂದ ಆ ತೊಂದರೆ ಇಲ್ಲ. ಹಾಗಾಗಿ ಈ ಸಾಲು ಕೆಂಪಾದರೆ, ಜೀವಕೋಶದಲ್ಲಿ ಕೆಲಸ ನೋಡುವ ಪರೀಕ್ಷೆ ಮಾಡಿಸದೆ ಮುಂದೆ ಹೋಗಬೇಡಿ.

ತೂಕ ಇಳಿಸುವ ಫೆನ್‌ಫ್ಲೂರಮಿನ್ 1997ರಲ್ಲಿ ಮಾರುಕಟ್ಟೆಯಿಂದ ಹೋದದ್ದು ಇದೇ ಕವಾಟದ ತೊಂದರೆಯಿಂದ. ಅಲ್ಲಿ ರಿಸೆಪ್ಟರನ್ನು ಜೋರಾಗಿ ಚಾಲೂ ಮಾಡಿದ್ದು ದೇಹದಲ್ಲಿ ಅದು ಒಡೆದು ಆದ ನಾರ್‌ಫೆನ್‌ಫ್ಲೂರಮಿನ್. ನಿಮ್ಮ ಅಣು ಲಿವರಿನಲ್ಲಿ ಏನಾಗಿ ಬದಲಾಗುತ್ತದೆ ಎಂದು ಗೊತ್ತಾದ ತಕ್ಷಣ, ಆ ಮುಖ್ಯ ತುಣುಕನ್ನೂ ಪ್ಯಾನೆಲಿಗೆ ಕಳಿಸಿ.

ಎಚ್ಚರಿಕೆ: 44ರಲ್ಲಿ ಒಂದೂ ಕೆಂಪಿಲ್ಲ ಎಂದರೆ ಆ 44ರ ಬಗ್ಗೆ ಮಾತ್ರ ಸಮಾಧಾನ. ನಿಮ್ಮ ಗುರಿ ಪ್ರೋಟೀನಿನ (ಔಷಧಿ ಕೆಲಸ ಮಾಡಬೇಕಾದ ಪ್ರೋಟೀನಿನ) ಅಣ್ಣತಮ್ಮಂದಿರು ಆ ಪಟ್ಟಿಯಲ್ಲಿ ಇರದೇ ಹೋಗಬಹುದು. 2016ರ ಜನವರಿಯಲ್ಲಿ ಫ್ರಾನ್ಸಿನ ರೆನ್ ನಗರದಲ್ಲಿ ಬಿಐಎ 10-2474 ಎಂಬ ಅಣುವಿನ ಮೊದಲ ಮಾನವ ಪ್ರಯೋಗದಲ್ಲಿ ಒಬ್ಬ ಸ್ವಯಂಸೇವಕ ತೀರಿಕೊಂಡರು, ಇನ್ನೂ ಕೆಲವರು ಆಸ್ಪತ್ರೆ ಸೇರಿದರು. ಅದು ಗುರಿಯಲ್ಲದ ಹಲವು ಲೈಪೇಸ್ ಎಂಜೈಮುಗಳನ್ನೂ ತಡೆಯುತ್ತದೆ ಎಂದು ಮರುವರ್ಷ ಪ್ರಕಟವಾದ ಅಧ್ಯಯನ ತೋರಿಸಿತು. ನಿಮ್ಮ ಅಣು ಒಂದು ಎಂಜೈಮಿಗೆ ಬಿಡದಂತೆ ಬೆಸೆದುಕೊಳ್ಳುವಂಥದ್ದಾದರೆ, ಆ ಇಡೀ ಕುಟುಂಬವನ್ನೇ ಪರೀಕ್ಷೆ ಮಾಡಿಸಿ. ದುಡ್ಡು ಜಾಸ್ತಿ ಆಗುತ್ತದೆ, ನಿಜ. ಇಲ್ಲಿ ಉಳಿತಾಯ ಬೇಡ.

## ಹಂತ 5: ಹರ್ಗ್ ಪರೀಕ್ಷೆ

ಹೆಚ್ಚು ಜನ ಸೋಲುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹೃದಯದ ಜೀವಕೋಶ ಒಂದು ಬಡಿತದ ನಂತರ ಮತ್ತೆ ವಿಶ್ರಾಂತಿಗೆ ಬರಲು ಪೊಟ್ಯಾಸಿಯಂ ಹೊರಗೆ ಹೋಗಬೇಕು. ಹರ್ಗ್ ಚಾನೆಲ್ ಅದರ ಒಂದು ಬಾಗಿಲು. ಔಷಧಿ ಈ ಬಾಗಿಲಿಗೆ ಅಡ್ಡ ಕೂತರೆ ಇಸಿಜಿಯಲ್ಲಿ ಕ್ಯೂಟಿ ಅಂತರ ಉದ್ದವಾಗುತ್ತದೆ. ಕೆಲವರಲ್ಲಿ ಬಡಿತ ಹದ ತಪ್ಪಿ ಪ್ರಾಣವೇ ಹೋಗಬಹುದು.

ಜೀವಕೋಶ ಮತ್ತು ಉಷ್ಣಾಂಶ. ಹರ್ಗ್ ಚಾನೆಲನ್ನು ಹೆಚ್ಚಾಗಿ ತಯಾರಿಸುವ ಎಚ್‌ಇಕೆ293 ಅಥವಾ ಸಿಎಚ್‌ಒ ಜೀವಕೋಶಗಳು ಬೇಕು. ಜೀವಕೋಶದ ಕರೆಂಟ್ ಅಳೆಯುವ ಪ್ಯಾಚ್ ಕ್ಲ್ಯಾಂಪ್ ಯಂತ್ರದಲ್ಲಿ 35ರಿಂದ 37 ಡಿಗ್ರಿಯಲ್ಲಿ ಮಾಡಿ. ಕೋಣೆಯ ಉಷ್ಣಾಂಶದಲ್ಲಿ ಮಾಡಿದರೆ ಕೆಲವು ಅಣುಗಳ ಐಸಿ50 ಬದಲಾಗುತ್ತದೆ.

ಸೀಲ್. ಗಾಜಿನ ಪಿಪೆಟ್ ಜೀವಕೋಶಕ್ಕೆ ಅಂಟಿದ ಮೇಲೆ ಒಂದು ಗಿಗಾಓಮ್‌ಗಿಂತ ಹೆಚ್ಚು ವಿದ್ಯುತ್ ತಡೆ ಬರಬೇಕು. ಬರದಿದ್ದರೆ ಆ ಜೀವಕೋಶವನ್ನು ಬಿಡಿ. "ಪರವಾಗಿಲ್ಲ, ನೋಡೋಣ" ಎಂದು ಮುಂದುವರಿಸಿದರೆ ಸೋರಿಕೆಯ ಕರೆಂಟನ್ನೇ ಅಳೆಯುತ್ತೀರಿ.

ವೋಲ್ಟೇಜ್. ಮೈನಸ್ 80 ಮಿಲಿವೋಲ್ಟಿನಲ್ಲಿ ಹಿಡಿದಿಡಿ. ಪ್ಲಸ್ 20 ಅಥವಾ 40ಕ್ಕೆ ಏರಿಸಿ ಚಾನೆಲ್ ತೆರೆಯಲು ಬಿಡಿ. ಆಮೇಲೆ ಮೈನಸ್ 50ಕ್ಕೆ ಇಳಿಸಿ. ಇಳಿಸಿದಾಗ ಕಾಣುವ ಬಾಲದ ಕರೆಂಟೇ ನಿಮ್ಮ ಅಳತೆ.

ಕಾಯುವುದು. ಔಷಧಿ ಹಾಕುವ ಮುಂಚೆ ಕೆಲವು ನಿಮಿಷ ಕರೆಂಟ್ ಸ್ಥಿರವಾಗಿರಬೇಕು. ಈ ಕರೆಂಟ್ ತನ್ನಷ್ಟಕ್ಕೇ ಮೆಲ್ಲಗೆ ಇಳಿಯುವ ಸ್ವಭಾವದ್ದು. ಬರೀ ಡಿಎಂಎಸ್ಒ ಹಾಕಿದ ಜೀವಕೋಶಗಳನ್ನು ಜೊತೆಗೆ ಇಟ್ಟಿರದಿದ್ದರೆ, ಈ ಇಳಿತವೂ ಔಷಧಿಯ ಲೆಕ್ಕಕ್ಕೆ ಸೇರುತ್ತದೆ. ಪ್ರತಿ ಪ್ರಮಾಣದಲ್ಲೂ ಪರಿಣಾಮ ಪೂರ್ತಿ ನಿಲ್ಲುವವರೆಗೆ ಕಾಯಿರಿ. ಕೊನೆಗೆ ಇ-4031 ಹಾಕಿ ಚಾನೆಲನ್ನು ಪೂರ್ತಿ ಮುಚ್ಚಿ. ಆಗಲೂ ಉಳಿದ ಕರೆಂಟ್ ಹರ್ಗ್‌ನದಲ್ಲ, ಅದನ್ನು ಕಳೆಯಿರಿ.

ದ್ರಾವಣ ಅಳೆಯುವುದು. ನಾನು ಹಟ ಹಿಡಿಯುವ ಹೆಜ್ಜೆ ಇದು. ಎಣ್ಣೆ ಸ್ವಭಾವದ ಅಣುಗಳು ಪ್ಲಾಸ್ಟಿಕ್ ಕೊಳವೆಗೆ ಅಂಟಿಕೊಳ್ಳುತ್ತವೆ. 10 ಹಾಕಿದ್ದೇವೆ ಎಂದುಕೊಂಡಿರುತ್ತೇವೆ, ಜೀವಕೋಶಕ್ಕೆ ಮುಟ್ಟಿದ್ದು 4 ಇರಬಹುದು. ಆದಷ್ಟು ಗಾಜು ಮತ್ತು ಟೆಫ್ಲಾನ್ ಬಳಸಿ. ಜೀವಕೋಶ ಇರುವ ಜಾಗದಿಂದಲೇ ಸ್ಯಾಂಪಲ್ ತೆಗೆದು ಎಲ್‌ಸಿ-ಎಂಎಸ್‌ಗೆ ಕಳಿಸಿ. ಸ್ವಯಂಚಾಲಿತ ಪ್ಯಾಚ್ ಯಂತ್ರಗಳಲ್ಲಿ ದ್ರಾವಣ ಕಡಿಮೆ, ಪ್ಲಾಸ್ಟಿಕ್ ಜಾಸ್ತಿ. ಅಲ್ಲಿ ಈ ತೊಂದರೆ ಇನ್ನೂ ಹೆಚ್ಚು.

ನಮ್ಮ ಅಣುವಿಗೆ ಬರೋಣ. ಐಸಿ50 6 ಮೈಕ್ರೋಮೋಲಾರ್ ಎಂದು ವರದಿ ಬಂತು. ಫ್ರೀ ಸಿ-ಮ್ಯಾಕ್ಸ್ 0.1. ಅಂತರ 60 ಪಟ್ಟು. ಕನಿಷ್ಠ 30 ಪಟ್ಟು ಅಂತರ ಇರಲಿ ಎಂಬುದು ಈ ರಂಗದಲ್ಲಿ ಬಹಳ ಕಾಲದಿಂದ ನಡೆದುಬಂದ ಅಳತೆ. ಹಾಗಾಗಿ ಖುಷಿ ಪಡುತ್ತೇವೆ. ಆಮೇಲೆ ದ್ರಾವಣ ಅಳೆದರೆ, ಅದರಲ್ಲಿ ಇದ್ದದ್ದು ಹಾಕಿದ್ದರ ಶೇ. 40 ಮಾತ್ರ. ಅಂದರೆ ನಿಜವಾದ ಐಸಿ50 2.4. ಅಂತರ 24 ಪಟ್ಟಿಗೆ ಇಳಿಯಿತು. ಪ್ರೋಟೀನಿಗೆ ಅಂಟಿದ ಲೆಕ್ಕ ಬಿಟ್ಟು 2 ಮೈಕ್ರೋಮೋಲಾರ್ ಜೊತೆ ಹೋಲಿಸಿದ್ದರೆ ಅಂತರ ಒಂದೂ ಚಿಲ್ಲರೆ ಪಟ್ಟು, ಅಣು ಅಲ್ಲೇ ಕಸದ ಬುಟ್ಟಿಗೆ. ಎರಡು ಕಡೆಯ ತಪ್ಪೂ ದುಬಾರಿ, ಅಲ್ವಾ?

ಮತ್ತೆರಡು ಮಾತು. ಪೆಂಟಮಿಡಿನ್‌ನಂಥ ಕೆಲವು ಔಷಧಿಗಳು ಚಾನೆಲನ್ನು ಮುಚ್ಚುವುದಿಲ್ಲ, ಅದು ಜೀವಕೋಶದ ಹೊರಪದರಕ್ಕೆ ಬಂದು ಸೇರದಂತೆ ತಡೆಯುತ್ತವೆ. ಕೆಲವು ನಿಮಿಷದ ಪರೀಕ್ಷೆಯಲ್ಲಿ ಇದು ಕಾಣುವುದಿಲ್ಲ. ಅನುಮಾನ ಇದ್ದರೆ ಜೀವಕೋಶಗಳನ್ನು ರಾತ್ರಿಯಿಡೀ ಔಷಧಿಯಲ್ಲಿಟ್ಟು ಮರುದಿನ ಅಳೆಯಿರಿ. ಇನ್ನು ವೆರಾಪಮಿಲ್ ಹರ್ಗ್ ಚಾನೆಲನ್ನು ಚೆನ್ನಾಗಿಯೇ ಮುಚ್ಚುತ್ತದೆ, ಆದರೂ ಬಡಿತ ಹದ ತಪ್ಪಿಸುವುದು ಅಪರೂಪ, ಏಕೆಂದರೆ ಕ್ಯಾಲ್ಸಿಯಂ ಚಾನೆಲನ್ನೂ ಮುಚ್ಚುತ್ತದೆ. ಹಾಗಾಗಿ ಹರ್ಗ್ ಕೆಂಪಾದಾಗ ಕ್ಯಾಲ್ಸಿಯಂ ಮತ್ತು ಸೋಡಿಯಂ ಚಾನೆಲ್ ಪರೀಕ್ಷೆಗಳನ್ನೂ ಮಾಡಿಸಿ, ಆಮೇಲೆ ತೀರ್ಮಾನಿಸಿ.

## ಹಂತ 6: ಏಮ್ಸ್ ಪರೀಕ್ಷೆ

ಅಣು ಡಿಎನ್‌ಎಗೆ ಹಾನಿ ಮಾಡುತ್ತದಾ ಎಂದು ಬ್ಯಾಕ್ಟೀರಿಯಾಗಳಲ್ಲಿ ನೋಡುವುದು. ಹಿಸ್ಟಿಡಿನ್ ತಯಾರಿಸಲಾರದ ಸಾಲ್ಮೊನೆಲ್ಲಾ ತಳಿಗಳನ್ನು ಬಳಸುತ್ತಾರೆ. ಡಿಎನ್‌ಎ ಬದಲಾದರೆ ಕೆಲವು ಬ್ಯಾಕ್ಟೀರಿಯಾಗಳಿಗೆ ಆ ಶಕ್ತಿ ಮರಳಿ ಬಂದು ಕಾಲೊನಿಗಳಾಗಿ ಬೆಳೆಯುತ್ತವೆ. ಪೂರ್ತಿ ಪರೀಕ್ಷೆಗೆ ಐದು ತಳಿ ಬೇಕು, ಪುಡಿಯೂ ಜಾಸ್ತಿ ಬೇಕು. ಮೊದಲ ಸುತ್ತಿಗೆ ಟಿಎ98 ಮತ್ತು ಟಿಎ100 ಎಂಬ ಎರಡು ತಳಿಗಳಲ್ಲಿ ಚಿಕ್ಕದಾಗಿ ಮಾಡಿಸಿ.

ಪ್ರತಿ ತಳಿಯನ್ನೂ ಎರಡು ರೀತಿ ಮಾಡಬೇಕು: ಇಲಿಯ ಲಿವರಿನಿಂದ ತಯಾರಿಸಿದ, ಔಷಧಿ ಒಡೆಯುವ ಎಂಜೈಮುಗಳಿರುವ ಎಸ್9 ಸೇರಿಸಿ ಒಮ್ಮೆ, ಸೇರಿಸದೆ ಒಮ್ಮೆ. ಎಸ್9 ಮಿಶ್ರಣವನ್ನು ಅಂದೇ ಮಾಡಿ, ಐಸ್ ಮೇಲಿಡಿ. ಟೇಬಲ್ ಮೇಲೆ ಬಿಸಿಗೆ ಬಿಟ್ಟರೆ ಎಂಜೈಮುಗಳು ಸತ್ತುಹೋಗುತ್ತವೆ. ಎಸ್9 ಜೊತೆಗಿನ ಪ್ಲೇಟಿನಲ್ಲಿ ಪಾಸಿಟಿವ್ ಬರಲೇಬೇಕಾದ 2-ಅಮಿನೋಆಂಥ್ರಸೀನ್ ಕಂಟ್ರೋಲ್ ಕಾಲೊನಿಗಳನ್ನು ಕೊಡದಿದ್ದರೆ ಆ ದಿನದ ಎಲ್ಲ ಪ್ಲೇಟುಗಳನ್ನೂ ಬಿಸಾಡಿ.

ಎಣಿಸುವ ಮುಂಚೆ ಹಿನ್ನೆಲೆಯ ತೆಳು ಪದರವನ್ನು ನೋಡಿ. ಅದು ಮಾಯವಾಗಿ ಸೂಜಿಮೊನೆಯಂಥ ಚುಕ್ಕೆಗಳು ಕಂಡರೆ ಅವು ನಿಜವಾದ ಕಾಲೊನಿಗಳಲ್ಲ. ಔಷಧಿಯ ವಿಷಕ್ಕೆ ಹೆಚ್ಚಿನವು ಸತ್ತು, ಉಳಿದವಕ್ಕೆ ಹಿಸ್ಟಿಡಿನ್ ಜಾಸ್ತಿ ಸಿಕ್ಕಿದೆ ಅಷ್ಟೇ.

ಈ ಹಂತದಲ್ಲಿ ನಾನೇ ಒಮ್ಮೆ ಪೆಟ್ಟು ತಿಂದಿದ್ದೇನೆ. ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಒಂದು ಒಳ್ಳೆಯ ಅಣು ಟಿಎ98ರಲ್ಲಿ ಪಾಸಿಟಿವ್ ಬಂತು. ಬೇಸರದಿಂದಲೇ ಕೈಬಿಟ್ಟೆವು. ತಿಂಗಳುಗಳ ನಂತರ ಯಾಕೋ ಮನಸ್ಸು ತಡೆಯದೆ ಹಳೆಯ ಪುಡಿಯ ಎಲ್‌ಸಿ-ಎಂಎಸ್ ಮತ್ತೆ ನೋಡಿದೆ. ತಯಾರಿಕೆಯ ಹಿಂದಿನ ಹೆಜ್ಜೆಯ ನೈಟ್ರೋ ವಸ್ತು ಸ್ವಲ್ಪ ಉಳಿದಿತ್ತು. ಶುದ್ಧ ಮಾಡಿ ಮತ್ತೆ ಪರೀಕ್ಷಿಸಿದಾಗ ನೆಗೆಟಿವ್. ಅಷ್ಟರಲ್ಲಿ ತಂಡ ಬೇರೆ ಕೆಲಸಕ್ಕೆ ಹೋಗಿಯಾಗಿತ್ತು. ಎರಡನೇ ಹಂತದಲ್ಲಿ ಶುದ್ಧತೆಗೆ ಅಷ್ಟು ಒತ್ತು ಕೊಟ್ಟಿದ್ದು ಇದಕ್ಕೇ.

## ಹಂತ 7: ಲಿವರ್, ಮತ್ತು ಬೇರೆ ಔಷಧಿಗಳ ಜೊತೆ ಹೊಂದಾಣಿಕೆ

ಲಿವರಿನ ಸಿಪ್ ಎಂಜೈಮುಗಳು ಔಷಧಿಗಳನ್ನು ಒಡೆದು ಹೊರಹಾಕುತ್ತವೆ. ಎರಡು ಪ್ರಶ್ನೆ ಕೇಳಬೇಕು. ನಮ್ಮ ಅಣು ಈ ಎಂಜೈಮುಗಳನ್ನು ತಡೆಯುತ್ತದಾ? ನಮ್ಮ ಅಣುವನ್ನು ಒಡೆಯುವುದು ಯಾವ ಎಂಜೈಮ್? ಮೊದಲ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ, ಎರಡನೆಯದನ್ನು ಮರೆಯುತ್ತಾರೆ.

ಮೊದಲನೆಯದಕ್ಕೆ ಮನುಷ್ಯರ ಲಿವರ್ ಮೈಕ್ರೋಸೋಮುಗಳಲ್ಲಿ (ಸಿಪ್ ಎಂಜೈಮುಗಳಿರುವ ಲಿವರ್ ಜೀವಕೋಶದ ಭಾಗ) ಪರೀಕ್ಷೆ ಮಾಡಿ. ಅಣುವನ್ನು 30 ನಿಮಿಷ ಮೊದಲೇ ಎನ್‌ಎಡಿಪಿಎಚ್ (ಈ ಎಂಜೈಮುಗಳು ಕೆಲಸ ಮಾಡಲು ಬೇಕಾದ ವಸ್ತು) ಜೊತೆ ಬಿಟ್ಟು ಒಮ್ಮೆ, ಎನ್‌ಎಡಿಪಿಎಚ್ ಇಲ್ಲದೆ ಬಿಟ್ಟು ಇನ್ನೊಮ್ಮೆ ಮಾಡಿ. ಜೊತೆಗೆ ಬಿಟ್ಟಾಗ ಐಸಿ50 ಗಮನಾರ್ಹವಾಗಿ ಇಳಿದರೆ, ಅಣು ಎಂಜೈಮನ್ನು ಕಾಯಂ ಆಗಿ ಕೆಡಿಸುತ್ತಿರಬಹುದು. ಮಿಬೆಫ್ರಡಿಲ್ ಎಂಬ ಬಿಪಿ ಔಷಧಿ ಅಮೆರಿಕದಲ್ಲಿ 1997ರಲ್ಲಿ ಬಂದು 1998ರಲ್ಲೇ ವಾಪಸ್ ಹೋದದ್ದು ಬೇರೆ ಔಷಧಿಗಳ ಜೊತೆಗಿನ ಇಂಥ ಘರ್ಷಣೆಯಿಂದ.

ಎರಡನೆಯದಕ್ಕೆ ಟರ್ಫೆನಡಿನ್‌ಗಿಂತ ಒಳ್ಳೆಯ ಪಾಠವಿಲ್ಲ. ಅಲರ್ಜಿಯ ಈ ಮಾತ್ರೆಯನ್ನು ಸಿಪ್ 3ಎ4 ಬೇಗ ಒಡೆದುಬಿಡುತ್ತಿತ್ತು, ರಕ್ತದಲ್ಲಿ ಉಳಿಯುತ್ತಿದ್ದದ್ದು ತೀರಾ ಕಡಿಮೆ. ರೋಗಿ ಜೊತೆಗೆ ಕೀಟೋಕೊನಜೋಲ್ ಅಥವಾ ಎರಿಥ್ರೋಮೈಸಿನ್ ತೆಗೆದುಕೊಂಡರೆ ಆ ಎಂಜೈಮ್ ಬಂದ್ ಆಗಿ, ಟರ್ಫೆನಡಿನ್ ಏರಿ ಹರ್ಗ್ ಚಾನೆಲನ್ನು ಮುಚ್ಚುತ್ತಿತ್ತು.

ನಮ್ಮ ಅಣುವನ್ನೂ ಮುಖ್ಯವಾಗಿ ಸಿಪ್ 3ಎ4 ಒಡೆಯುತ್ತದೆ ಎಂದು ಗೊತ್ತಾಯಿತು ಅನ್ನಿ. ಅದು ಬಂದ್ ಆದರೆ ರಕ್ತದ ಮಟ್ಟ ಐದು ಪಟ್ಟು ಏರುತ್ತದೆ ಎಂದು ಅಂದಾಜು. ಫ್ರೀ ಪ್ರಮಾಣ 0.1ರಿಂದ 0.5ಕ್ಕೆ. ಹರ್ಗ್ ಅಂತರ ಈಗ ಸುಮಾರು 5 ಪಟ್ಟು.

ಲಿವರಿಗೆ ನೇರ ಹಾನಿ ನೋಡಲು ಹೆಪ್‌ಜಿ2 ಎಂಬ ಲಿವರ್ ಜೀವಕೋಶಗಳನ್ನು ಗ್ಲೂಕೋಸಿನಲ್ಲಿ ಮತ್ತು ಗ್ಯಾಲಕ್ಟೋಸಿನಲ್ಲಿ ಬೆಳೆಸಿ ಹೋಲಿಸಿ. ಗ್ಯಾಲಕ್ಟೋಸಿನಲ್ಲಿ ಮಾತ್ರ ಬೇಗ ಸತ್ತರೆ ಮೈಟೊಕಾಂಡ್ರಿಯಾಗೆ ಪೆಟ್ಟು ಬೀಳುತ್ತಿದೆ. ಆದರೆ ಹೆಪ್‌ಜಿ2ರಲ್ಲಿ ಸಿಪ್ ಎಂಜೈಮುಗಳು ಬಹಳ ಕಡಿಮೆ. ಒಡೆದ ತುಣುಕಿನಿಂದ ಬರುವ ಹಾನಿ ಅಲ್ಲಿ ಕಾಣುವುದಿಲ್ಲ. ಅದಕ್ಕೆ ಮೈಕ್ರೋಸೋಮಿಗೆ ಗ್ಲುಟಾಥಯಾನ್ ಸೇರಿಸಿ, ಅಪಾಯಕಾರಿ ತುಣುಕುಗಳು ಅದಕ್ಕೆ ಅಂಟುತ್ತವಾ ನೋಡಿ. ಪಿತ್ತರಸ ಹೊರಹಾಕುವ ಬಿಎಸ್‌ಇಪಿ ಪಂಪಿನ ಪರೀಕ್ಷೆಯೂ ಇರಲಿ.

## ಹಂತ 8: ಎಲ್ಲವನ್ನೂ ಒಂದೇ ಹಾಳೆಗೆ ತನ್ನಿ

ಹಾಳೆಯಲ್ಲಿ ಐದು ಕಾಲಂ ಸಾಕು: ಪರೀಕ್ಷೆ, ಅಳೆದ ಪ್ರಮಾಣದ ಮೇಲಿನ ಐಸಿ50, ಫ್ರೀ ಸಿ-ಮ್ಯಾಕ್ಸ್, ಎರಡರ ಅಂತರ, ಕೆಟ್ಟ ಸಂದರ್ಭದ ಅಂತರ. ಕೆಟ್ಟ ಸಂದರ್ಭ ಎಂದರೆ ಎಂಜೈಮ್ ಬಂದ್ ಆದಾಗ, ಲಿವರ್ ಅಥವಾ ಕಿಡ್ನಿ ಸೋತಾಗ. ಏಮ್ಸ್ ಫಲಿತಾಂಶಕ್ಕೆ ಈ ಅಂತರದ ಲೆಕ್ಕ ಅನ್ವಯಿಸುವುದಿಲ್ಲ, ಅದನ್ನು ಹಾಳೆಯ ಕೆಳಗೆ ಬೇರೆಯಾಗಿ ಬರೆಯಿರಿ. ರೋಗವನ್ನೂ ಮೇಲ್ಗಡೆ ಬರೆಯಿರಿ. ಕೊನೆಯ ಹಂತದ ಕ್ಯಾನ್ಸರ್ ರೋಗಿಗೆ ಒಪ್ಪಬಹುದಾದ ಅಂತರವನ್ನು ನೆಗಡಿಯ ಮಾತ್ರೆಗೆ ಒಪ್ಪಲಾಗದು.

ನಮ್ಮ ಅಣುವಿನ ಹರ್ಗ್ ಸಾಲಿನಲ್ಲಿ 60 ಇದ್ದದ್ದು 24 ಆಗಿ, ಈಗ 5ಕ್ಕೆ ನಿಂತಿದೆ. ಪ್ರತಿದಿನ ನುಂಗುವ ಮಾತ್ರೆಗೆ ಇದು ಸಾಲದು. ನಾನಾದರೆ ಪ್ರಾಣಿ ಅಧ್ಯಯನಕ್ಕೆ ಕಳಿಸುವುದಿಲ್ಲ. ಹಾಳೆಯನ್ನು ಅಣು ತಯಾರಿಸಿದ ಕೆಮಿಸ್ಟ್ ಮುಂದಿಟ್ಟು, ಅಮೀನ್‌ನ ಕ್ಷಾರತೆ ಇಳಿಸಲು ಅಥವಾ ಒಂದು ಆಮ್ಲದ ಗುಂಪು ಸೇರಿಸಲು ಕೇಳುತ್ತೇನೆ. ಟರ್ಫೆನಡಿನ್ ದೇಹದಲ್ಲಿ ಒಡೆದು ಆಗುವ ಫೆಕ್ಸೊಫೆನಡಿನ್‌ನಲ್ಲಿ ಇರುವುದು ಅಂಥದ್ದೇ ಕಾರ್ಬಾಕ್ಸಿಲಿಕ್ ಆಮ್ಲದ ಗುಂಪು. ಅದು ಹರ್ಗ್ ಚಾನೆಲಿಗೆ ಅಷ್ಟಾಗಿ ಅಂಟುವುದಿಲ್ಲ, ಅಲರ್ಜಿ ಮಾತ್ರ ಕಡಿಮೆ ಮಾಡುತ್ತದೆ. ಇಂದಿಗೂ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ.

ಬದಲಾಯಿಸಿದ ಅಣು ಕೈಗೆ ಬಂದ ದಿನ ನೇರ ಹರ್ಗ್ ಪರೀಕ್ಷೆಗೆ ಓಡಬೇಡಿ. ಅದು ಹೊಸ ಬ್ಯಾಚು, ಹೊಸ ಪುಡಿ. ಪ್ರೋಟೀನಿಗೆ ಅಂಟುವ ಪ್ರಮಾಣವೂ ಬದಲಾಗಿರುತ್ತದೆ. ಗೋಡೆಯ ಮೇಲಿನ 0.1 ಚೀಟಿ ತೆಗೆದು, ಒಂದನೇ ಹಂತದಿಂದ ಮತ್ತೆ ಶುರು ಮಾಡಿ.